ಕಟಕ ರೊಟ್ಟಿ ಟೈರು

ನನ್ನ ತಮ್ಮ ಇರೂದು ಕೆನಡಾದ ಮಾಂಟ್ರಿಯಲ್‌ದಾಗ, ನಾವು ಇರೂದು ಬೆಳಗಾವಿ ಅನಗೋಳದಾಗ. ಛಳಿಗಾಲದಾಗ ನಮಗೂ ಅವಗೂ ಹತ್ತೂವರಿ ತಾಸಿನ ಫರಕ್ ಐತಿ, ಆದ್ರ ಮನಿ ವಾಟ್ಸಾಪ್ ಗ್ರೂಪಿಗೆ ಅದ್ಯಾವ್ದೂ ಲೆಕ್ಕಕ್ಕಿಲ್ಲ. ಹೋದ ನವೆಂಬರ್‌ದಾಗ ಅಂವ ಅಲ್ಲಿನ ಕನ್ನಡದ ಗೆಳೆಯಾರಿಗೆ ಹಾಕಬೇಕಾಗಿದ್ದ ಮೆಸೇಜ್ ತಪ್ಪಿ ನಮ್ಮ ಗ್ರೂಪಿಗೆ ಹಾಕಿಬಿಟ್ಟ, "ಎಸ್‌ಯುವಿಗೆ ವಿಂಟರ್ ಟೈರ್ ತಗೋಬೇಕು, ಯಾವ್ದು ಚೊಲೋ? ಎರಡ ಹಾಕಿದ್ರ ನಡಿತೈತೋ ನಾಕೂ ಹಾಕಬೇಕೋ?" ಅಂತ. ಡಿಲೀಟ್ ಮಾಡೂದ್ರಾಗ ಬೈಲಹೊಂಗಲದ ಕಾಕಾ ಓದಿಬಿಟ್ಟಿದ್ರು. ಕಾಕಾ ಓದಿದ್ರು ಅಂದ್ರ ಮುಗೀತು.

ಕಾಕಾನ ಪಾಲಿಗೆ ಟೈರ್ ಅಂದ್ರ ಟ್ರ್ಯಾಕ್ಟರ್ ಟೈರು. ಕಬ್ಬಿನ ಸೀಜನ್ ಬ್ಯಾರೆ, ಫ್ಯಾಕ್ಟರಿ ಮುಂದ ಪಾಳಿ ಹಚ್ಚಿ ಟ್ರ್ಯಾಕ್ಟರ್ ಮ್ಯಾಲ ಕುಂತಲ್ಲಿಂದನ ವಾಯ್ಸ್ ಮೆಸೇಜ್ ಬಂತು: "ಏ ತಮ್ಮಾ, ಗಾಲಿ ಜಾರಾಕತ್ರ ಮುಂದ ನಾಕ ಹಿಡಿ ರವದಿ ಒಗಿ, ಎದ್ದ ಬರತೈತಿ. ಅಷ್ಟಕ್ಕ ಟೈರ್ ಯಾಕ ಬದಲಿ ಮಾಡ್ತಿ?" ಮಾಂಟ್ರಿಯಲ್‌ದಾಗ ಕಬ್ಬಿನ ರವದಿ ಎಲ್ಲಿಂದ ತರೂದು ಅಂತ ಯಾರೂ ಕೇಳಲಿಲ್ಲ. ಹಿಂಡಲಗಾದ ಸೋದರತ್ತಿ ಮಗ, "ನಿಂದು ನಾಕೂ ಗಾಲಿ ಎಳಿಯೂ ಗಾಡಿ ಅಲ್ಲೇನೋ, ಮತ್ಯಾಕ ಹೆದರ್ತಿ" ಅಂದ. ಅಪ್ಪ ಮಾತ್ರ ಒಂದ ಪ್ರಶ್ನೆ ಕೇಳಿದ್ರು, ಎಷ್ಟಾಗತೈತಿ? ನಾಕಕ್ಕೂ ಕೂಡಿ ಸಾವಿರ ಡಾಲರ್, ಅಂದ್ರ ನಮ್ಮ 60 ಸಾವಿರದ ಆಸುಪಾಸು, ಅಂದ ತಮ್ಮ. ಗ್ರೂಪ್ ಐದ ನಿಮಿಷ ಗಪ್. ಆಮ್ಯಾಲ ಮತ್ತ ಕಾಕಾ, "60 ಸಾವಿರಕ್ಕ ಒಂದ ಎಮ್ಮಿ ಬರತೈತಿ. ಅದು ಬ್ಯಾಸಗ್ಯಾಗೂ ಹಾಲ ಕೊಡತೈತಿ."

ಪಾಪ, ಅಂವ ಸುಮ್ಮನ ಇರಬೇಕಾಗಿತ್ತು, ಇರಲಿಲ್ಲ, ವಿಡಿಯೋ ಕಾಲ್ ಮಾಡಿ ತಿಳಿಸಿ ಹೇಳಾಕ ಕುಂತ. ಅವನಿರೂ ಕ್ವಿಬೆಕ್ ಪ್ರಾಂತ್ಯದಾಗ ಇದು ಹೌಸಿನ ಮಾತಲ್ಲಂತ, ಕಾನೂನಂತ. ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರ್ ಇಲ್ದ ಗಾಡಿ ರಸ್ತಾಕ್ಕ ಇಳಿಸಿದ್ರ ಕಡಿಮಿ ಅಂದ್ರೂ 200 ಡಾಲರ್ ದಂಡ. ಟೈರಿನ ಬಾಜೂಕ ಮೂರು ಶಿಖರದ ಗುಡ್ಡ, ಗುಡ್ಡದೊಳಗ ಒಂದು ಹಿಮದ ಹೂವು, ಆ ಗುರುತು ಇದ್ದದ್ದ ಖರೇ ವಿಂಟರ್ ಟೈರು, ಬರೇ ಎಂ ಪ್ಲಸ್ ಎಸ್, ಅಂದ್ರ ಮಡ್ ಪ್ಲಸ್ ಸ್ನೋ, ಅಂತ ಬರದಿದ್ರ ನಡಿಯಂಗಿಲ್ಲ. ನಾಕೂ ಗಾಲಿ ಎಳದ್ರ ಗಾಡಿ ಹೊಂಡಾಕ ಅನುಕೂಲ, ನಿಂದರಾಕ ಅಲ್ಲ, ನಿಂದರ್ಸೂದು ರಬ್ಬರು. ಇನ್ನ ಮುಂದಿಂದ ಎರಡ ಅಷ್ಟ ಬದಲಿ ಮಾಡಿದ್ರ ತಿರುವಿನ್ಯಾಗ ಮುಂದಿನ ಗಾಲಿ ಹಿಡಕೊಂಡ ನಿಲ್ತಾವ, ಹಿಂದಿಂದು ತಿರಗಿ ತಾನ ಮುಂದ ಬರತೈತಿ.

ಅವ್ವ ಅಲ್ಲೇ ಒಲಿ ಮುಂದ ರೊಟ್ಟಿ ಬಡ್ಯಾಕತ್ತಿದ್ಲು. "ಛಳಿಗಾಲಕ್ಕ ಬ್ಯಾರೆ ಟೈರ್ ಅಂದ್ರೇನೋ, ಸ್ವೆಟರ್ ಹಾಕಿರತಾರೇನು?" ಅಂದ್ಲು. 7 ಡಿಗ್ರಿಗಿಂತ ಥಂಡಿ ಆತಂದ್ರ ಸಾದಾ ಟೈರಿನ ರಬ್ಬರ್ ಬಿರಸ ಆಕ್ಕೈತಿ ಅವ್ವಾ, ರಸ್ತಾ ಹಿಡಿಯಂಗಿಲ್ಲ, ವಿಂಟರ್ ಟೈರಿನ ರಬ್ಬರ್ ಎಷ್ಟ ಥಂಡಿ ಆದ್ರೂ ಮೆತ್ತಗ ಇರತೈತಿ, ಮ್ಯಾಲ ಬ್ಲೇಡಿಲೆ ಕೊಯ್ದಂಗ ಸಣ್ಣ ಸಣ್ಣ ಗೀರು ಇರತಾವ ಅಂತ ಅಂವ ಇಂಗ್ಲಿಷ್ ಬೆರಸಿ ಹೇಳೇ ಹೇಳಿದ. ಅವ್ವ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿಸಿ ಹಾಕಿ ಅಂದ್ಲು, "ಅಂದ್ರ ನಿಂದು ಈಗಿರೂದು ಕಟಕ ರೊಟ್ಟಿ, ನಿನಗ ಬೇಕಾಗಿದ್ದು ಬಿಸಿರೊಟ್ಟಿ." ಇಷ್ಟ ಮಾತಿಗೆ ಅಂವ ಮುಕ್ಕಾಲ ತಾಸು ತಗೊಂಡಿದ್ದ.

ಈಗ ನನ್ನ ವಿಷಯಕ್ಕ ಬರ್ತೇನಿ. ತಮ್ಮ ಟೈರಿನ ಫೋಟೋ ಕಳಿಸಿ ಓದೂದ ಹೆಂಗ ಅಂತ ಕಲಿಸಿದ್ದ. 235/65 ಆರ್ 17 ಅಂದ್ರ ಅಗಲ 235 ಮಿಲಿಮೀಟರ್, ಬಾಜೂಕಿನ ಎತ್ತರ ಆ ಅಗಲದ ನೂರಕ್ಕ 65 ಪಾಲು, ಒಳಗಿನ ರಿಮ್ 17 ಇಂಚು. ಅರ್ಧ ಮಿಲಿಮೀಟರಿನ್ಯಾಗ ಅರ್ಧ ಇಂಚಿನ್ಯಾಗ, ನಮ್ಮೂರ ಅಂಗಡಿ ಬೋರ್ಡ್ ಇದ್ದಂಗ, ಒಂದ ಸಾಲಿನ್ಯಾಗ ಎರಡ ಭಾಷಾ. ಕಡೀಕ ನಾಕ ಅಂಕಿ ಇರತಾವ, ಮೊದಲಿನ ಎರಡು ಅಂಕಿ ಟೈರ್ ತಯಾರಾದ ವಾರದ್ದು, ಆಮ್ಯಾಲಿನ ಎರಡು ವರ್ಷದ್ದು. ಅದು ಟೈರಿನ ಜಾತಕ. ನಾನೂ ನನ್ನ ಎಸ್‌ಯುವಿ ಜಾತಕ ನೋಡಬೇಕಂತ ಮರದಿವಸ ಮುಂಜಾನಿ ಆರೂವರೀಕ ಲುಂಗಿ, ಮಂಕಿ ಟೋಪಿ, ಮೊಬೈಲ್ ಟಾರ್ಚ್ ಹಿಡ್ಕೊಂಡ ಹೊರಗ ಬಂದೆ. ಹೊರಗಿನ ಬಾಜೂಕ ಎಲ್ಲಾ ಬರದಿತ್ತು, ಆ ನಾಕ ಅಂಕಿ ಮಾತ್ರ ಇರಲಿಲ್ಲ, ಒಳಗಿನ ಬಾಜೂಕ ಇರತೈತಿ ಅಂದಿದ್ದ ತಮ್ಮ, ಹಿಂಗಾಗಿ ಬೆನ್ನ ಮ್ಯಾಲ ಮಲಗಿ ಗಾಡಿ ಕೆಳಗ ಜಾರಿ ಹೋದೆ. ಹೋಗೂದು ಸಲೀಸ ಇತ್ತು. ಲುಂಗಿ ಎಲ್ಲೋ ಸೈಲೆನ್ಸರ್ ಹತ್ರ ಸಿಕ್ಕೊಂಡಿತ್ತು, ಬರೂದು ಆಗವಲ್ದು.

ಅಷ್ಟರಾಗ ಹಾಲಿನಾಂವ ಬಂದ. ಅವಗ ಕಂಡದ್ದು ಗಾಡಿ ಕೆಳಗ ಎರಡ ಕಾಲು. "ಬರ್ರ್ಯೋ, ಮಾಲಕರು ಗಾಡ್ಯಾಗ ಸಿಕ್ಕಾರ!" ಅಂತ ಇಡೀ ಓಣಿ ಎಬ್ಬಿಸಿದ. ಯಾರೋ ಒಬ್ಬರು ನನ್ನ ಕಾಲ ಹಿಡದು ಜಗ್ಗಾಕತ್ರು, ಇನ್ನೊಬ್ಬರು ಜಗ್ಗಬ್ಯಾಡ್ರಿ, ಎಲುವಿಗೆ ಪೆಟ್ಟ ಬಿದ್ದಿದ್ರ ಅಂತ ಅವರನ್ನ ಜಗ್ಗಾಕತ್ರು. ಹೆಂಡ್ತಿ ಓಡಿ ಬಂದು ಬಗ್ಗಿ, "ಏನ್ರಿ, ಏನಾತ್ರಿ?" ಅಂತಾಳ, ಅದೇ ಹೊತ್ತಿಗೆ ನನಗ ಅಂಕಿ ಕಂಡಾವ, 1114, ನಾನು ಕೆಳಗಿಂದ "ಹದಿನಾಕು! ಹದಿನಾಕು!" ಅಂತ ಒದರಾಕತ್ತೇನಿ. ತಲಿಗೆ ಪೆಟ್ಟ ಬಿದ್ದೈತಿ ಅಂತ ಆಕಿ ಅಳಾಕ ಚಾಲೂ ಮಾಡಿದ್ಲು.

2014ರ ಹನ್ನೊಂದನೇ ವಾರ. ಐದನೇತ್ತೆ ಓದೂ ನನ್ನ ಮಗಳಿಗಿಂತ ದೊಡ್ಡವು. ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಾಗ ಮಾರಿದಾಂವ ಟೈರಿಗೆ ಕರೀ ಪಾಲಿಶ್ ಹೊಡದು ಮಿಂಚಿಸಿದ್ದ, ನಾನು ಬೂಟ್ ನೋಡಿ ಗಂಡ ಆರಿಸಿದವರಂಗ ಅದನ್ನ ನೋಡಿ ರೊಕ್ಕ ಎಣಿಸಿದ್ದೆ. ಈ ಟೈರ್ ಮ್ಯಾಲನ ಜುಲೈದಾಗ, ಧೋ ಅಂತ ಮಳಿ ಹೊಡಿಯೂವಾಗ, ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳದು ಗೋವಾಕ್ಕ ಹೋಗಿ ಬಂದಿದ್ವಿ, ಅದೂ ಒಂದ ಕೈಯಾಗ ಸ್ಟೇರಿಂಗ್, ಇನ್ನೊಂದ ಕೈಯಾಗ ಗಿರಮಿಟ್ಟು. ಆ ತಿರುವು ನೆನಪಾದ್ರ ಈಗೂ ಕಾಲ ತಾನ ಬ್ರೇಕ್ ಹುಡಕತೈತಿ.

ಅವತ್ತ ಹಳೇ ಪಿಬಿ ರಸ್ತಾದ ಒಂದು ಟೈರ್ ಅಂಗಡಿಗೆ ಹೋದೆ. ಎಲ್ಲಾ ಕಲ್ತಿದ್ನಲ್ಲ, ಹೋದವನ "ಗುಡ್ಡದಾಗ ಹಿಮದ ಹೂವಿನ ಗುರುತಿಂದು ಐತೇನ್ರಿ?" ಅಂದೆ, ಬರೇ ನನ್ನ ಜ್ಞಾನ ತೋರಸಾಕ. ಅಂವ ಎಲಿ ಅಡಕಿ ಒಂದ ಕಡೆ ಸರಿಸಿ, "ಬರ್ಫದ ಚಿತ್ರ ಬೇಕಂದ್ರ ಫ್ರಿಜ್ ಅಂಗಡಿಗೆ ಹೋಗ್ರಿ ಸಾಹೇಬ್ರ" ಅಂದ. ಆಮ್ಯಾಲ ಅಂವನ ತಿಳಿಸಿದ, ಅಂಥಾ ಮೆತ್ತನ್ನ ರಬ್ಬರ್ ನಮ್ಮ ಏಪ್ರಿಲ್ ಡಾಂಬರಿನ ಮ್ಯಾಲ ಓಡಿಸಿದ್ರ ಬೆಣ್ಣಿ ಕರಗಿದಂಗ ಸವೀತೈತಂತ, ಬ್ರೇಕ್ ಹಾಕಿದ್ರೂ ಗಾಡಿ ಮುಂದ ಹೋಗಿ ನಿಲ್ತೈತಂತ. ನನ್ನ ಹಳೇ ಟೈರಿಗೆ ಉಗುರು ಒತ್ತಿ ನೋಡಿದ. ಬಾಜೂಕ ಎರಿಹೊಲ ಬಿರದಂಗ ಬಿರಕು. "ಟೈರಿನ ಹಲ್ಲು ಇನ್ನೂ ಅದಾವ್ರಿ, ಆಳ ಕಾನೂನಿನ 1.6 ಮಿಲಿಮೀಟರ್‌ಗಿಂತ ಜಾಸ್ತಿನ ಐತಿ. ಆದ್ರ ರಬ್ಬರ್ ಸತ್ತೈತಿ. ಕಟಕ್ ಆಗೇತಿ ನೋಡ್ರಿ." ಕಟಕ್ ಅಂದ ಕೂಡ್ಲೇ ನನಗ ಅವ್ವನ ಹಂಚು ಕಣ್ಣಮುಂದ ಬಂತು. ಮಾಂಟ್ರಿಯಲ್‌ದಾಂವಗ ಬುದ್ಧಿ ಹೇಳಾಕ ಹೋದಾಂವ ಬೆಳಗಾವ್ಯಾಗ ಹನ್ನೊಂದು ವರ್ಷದ ಕಟಕ ರೊಟ್ಟಿ ಮ್ಯಾಲ ತಿರಗಾಕತ್ತಿದ್ದೆ.

ಸ್ಟೆಪ್ನಿ ಬಿಚ್ಚಿದ್ರ ಅದೂ 2014ರದ್ದು, ಆದ್ರ ಮೈಮ್ಯಾಲಿನ ರಬ್ಬರ್ ಕೂದ್ಲಾ ಸೈತ ಉದರಿಲ್ಲ, ಒಂದ ದಿನಾನೂ ರಸ್ತಾ ಕಂಡಿಲ್ಲ. "ಅಯ್ಯ, ಲಗ್ನಾ ಆಗದನ ಮುದುಕಿ ಆಗೇತಲ್ರಿ" ಅಂದ ಅಂಗಡಿಯಾಂವ. ಕಾಕಾ ಫೋನ್ ಮಾಡಿ ಹಳೇವನ್ನ ರಿಮೋಲ್ಡ್ ಮಾಡಸು, ಮ್ಯಾಲ ಹೊಸಾ ರಬ್ಬರ್ ಹಚ್ಚಿ ಕೊಡ್ತಾರ ಅಂದ್ರು. ನಾನು ಕೇಳಲಿಲ್ಲ, ನಾಕೂ ಹೊಸಾವು ಹಾಕಿಸಿದೆ. ಎಷ್ಟಾತು ಅಂತ ಗ್ರೂಪಿನ್ಯಾಗ ಹಾಕಿಲ್ಲ, ಮತ್ತ ಎಮ್ಮಿ ಲೆಕ್ಕ ಬರತೈತಿ.

ಹೊಸಾ ಟೈರ್ ಅಂದ ಮ್ಯಾಲ ಲಿಂಬಿಹಣ್ಣು ಆಗಬೇಕು. ಅವ್ವ ನನ್ನ ನಾಕೂ ಗಾಲಿ ಕೆಳಗ ಇಡಿಸಿ, ಅದೇ ಹೊತ್ತಿಗೆ ತಮ್ಮನಿಗೂ ಇಡಸಬೇಕಂತ ವಿಡಿಯೋ ಹಚ್ಚಿಸಿದ್ಲು. ಅವನೂ ಕಡೀಕ ನಾಕೂ ವಿಂಟರ್ ಟೈರ್ ಹಾಕಿಸಿದ್ದ. ಲಿಂಬಿಹಣ್ಣೂ ತಂದಿದ್ದ, ಆದ್ರ ರಾತ್ರಿ ಗಾಡ್ಯಾಗ ಮರತ ಬಿಟ್ಟಿದ್ದ, ಹೊರಗ ಮೈನಸ್ 12. ಮುಂಜಾನಿ ಅವು ಗೋಟಿ ಆಗಿದ್ವು. ಗಾಡಿ ಬಿಟ್ಟ ಕೂಡ್ಲೇ ಮೂರು ಕರ್ರ್ ಅಂತ ಒಡದ್ವು, ನಾಕನೇದು ಪಟಕ್ಕನ ಜಾರಿ ಬರ್ಫದ ಮ್ಯಾಲ ಗೋಲಿ ಉರುಳಿದಂಗ ಉರುಳಿ ಬಾಜು ಮನಿ ಮುದುಕಿ ಕಾಲಿಗೆ ಹೋಗಿ ಬಡೀತು. ಆಕಿ ಪಾಪ, ಸಂತಿ ಚೀಲದಿಂದ ಬಿದ್ದೈತಿ ಅಂತ ತಿಳದು ಕೈಚೀಲದಾಗಿನ ಕಾಗದಲೆ ಒರಸಿ ತಂದ ಕೊಟ್ಲು. ಇಲ್ಲಿಂದ ಅವ್ವ, "ಇಸ್ಕೋಬ್ಯಾಡೋ, ದೃಷ್ಟಿ ತಗದದ್ದೈತಿ!" ಅಂತ ಚೀರಾಕತ್ಲು, ಅಂವ ಅಷ್ಟರಾಗ ಥ್ಯಾಂಕ್ಯೂ ಅಂದು ಕೋಟಿನ ಕಿಸೇದಾಗ ಹಾಕ್ಕೊಂಡಿದ್ದ.

ಸಂಜೀಕ ಅವನ ಹೆಂಡ್ತಿ ಅದನ್ನ ಅವಲಕ್ಕಿಗೆ ಹಿಂಡ್ಯಾಳಂತ. ಹುಳಿ ಸ್ವಲ್ಪ ಕಡಿಮಿ ಇತ್ತಂತ.