ಮಲಗಿಸಿ ಎಬ್ಬಿಸುವವರ ಸಂಘ

ಪ್ರತಿ ವರ್ಷ ಅಕ್ಟೋಬರ್ 16ರ ಸುಮಾರಿಗೆ ನಮ್ಮ ಊರುಗಳಲ್ಲಿ ಒಂದು ಜಾಥಾ ಹೊರಡುತ್ತದೆ. ಬಿಳಿ ಟೀ ಶರ್ಟು, ತಲೆಗೆ ಟೋಪಿ, ಕೈಯಲ್ಲಿ ಫಲಕ. ದೂರದಿಂದ ನೋಡಿದರೆ ಡೆಂಗಿ ಜಾಗೃತಿ ಇರಬೇಕು ಅನಿಸುತ್ತದೆ. ಹತ್ತಿರ ಬಂದರೆ ಅಕ್ಷರ ಕಾಣುತ್ತದೆ. ಫಲಕಗಳ ಒಟ್ಟು ಸಾರಾಂಶ ಇಷ್ಟೇ: ಅರಿವಳಿಕೆ, ಅಂದರೆ ಅನಸ್ತೇಶಿಯಾ ಕೊಡುವವರೂ ಡಾಕ್ಟರೇ, ದಯವಿಟ್ಟು ನಂಬಿ.

ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು ವರ್ಷ, ನಡುವೆ ನೀಟ್. ಇಷ್ಟೆಲ್ಲ ಓದಿದ ಮೇಲೆ ಬಿಸಿಲಲ್ಲಿ ನಡೆದು ತಾವು ಡಾಕ್ಟರು ಅಂತ ಸಾಬೀತು ಮಾಡಬೇಕು. ಮೂಳೆ ಡಾಕ್ಟರು ಯಾವತ್ತಾದರೂ ಹೀಗೆ ನಡೆದದ್ದನ್ನು ನೋಡಿದ್ದೀರಾ? ಚರ್ಮದ ಡಾಕ್ಟರಂತೂ ಬಿಸಿಲಿಗೇ ಬರುವುದಿಲ್ಲ.

ಜನರದ್ದೂ ಪೂರ್ತಿ ತಪ್ಪಿಲ್ಲ ಬಿಡಿ. ಸರ್ಜನ್ ನಾಲ್ಕು ಸಲ ಸಿಗುತ್ತಾರೆ, ಮಾತಾಡುತ್ತಾರೆ, ಧೈರ್ಯ ಹೇಳುತ್ತಾರೆ. ಇವರು ಸಿಗುವುದು ಓಟಿ ಟೇಬಲ್ ಮೇಲೆ, ಮಾಸ್ಕ್ ಹಾಕಿಕೊಂಡು, ಎರಡು ನಿಮಿಷ. ಆಮೇಲೆ ರೋಗಿಗೆ ನಿದ್ದೆ. ಎಷ್ಟೋ ಸಲ ಮೊದಲು ಕೊಡುವ ಔಷಧಿಯಲ್ಲೇ ಮರೆವು ತರುವ ಗುಣ ಇರುತ್ತದೆ. ಕೆಲಸ ಚೆನ್ನಾಗಿ ಆಯಿತು ಅಂದರೆ ರೋಗಿಗೆ ಇವರ ಮುಖ ಮರೆತುಹೋಗಿದೆ ಅಂತ. ಇಂಥ ಕಸುಬು ಹಿಡಿದು ಜನಪ್ರಿಯತೆ ಬೇಕು ಅಂದರೆ ಆಗುತ್ತಾ?

ಈ ರೋಗ ಹಳೆಯದು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ಮಾರ್ಟನ್ ಎಂಬ ಹಲ್ಲಿನ ಡಾಕ್ಟರು ಈಥರ್ ಮೂಸಿಸಿ ಒಬ್ಬನನ್ನು ಮಲಗಿಸಿದ. ಸರ್ಜನ್ ಅವನ ಕುತ್ತಿಗೆಯ ಗಡ್ಡೆ ಕೊಯ್ದರು. ಜಗತ್ತು ಬೆರಗಾಯಿತು. ಮಾರ್ಟನ್ ಬುದ್ಧಿವಂತ, ಈಥರ್‌ಗೆ ಬಣ್ಣ ಬೆರೆಸಿ, ಬೇರೆ ಹೆಸರಿಟ್ಟು ಪೇಟೆಂಟ್‌ಗೆ ಓಡಿದ. ಅಷ್ಟರಲ್ಲಿ 'ಕಂಡುಹಿಡಿದದ್ದು ನಾನು' ಅಂತ ಇನ್ನಿಬ್ಬರು ಮೂವರು ಎದ್ದು ನಿಂತರು. ಜಗಳ ವರ್ಷಗಟ್ಟಲೆ ನಡೆಯಿತು. 1868ರಲ್ಲಿ ಬಾಸ್ಟನ್ನಿನ ಪಾರ್ಕಿನಲ್ಲಿ ಸ್ಮಾರಕ ನಿಲ್ಲಿಸಿದರು. ಅದರ ಮೇಲೆ ಈಥರ್ ಹೆಸರಿದೆ, ಆಸ್ಪತ್ರೆ ಹೆಸರಿದೆ. ಕಂಡುಹಿಡಿದವನ ಹೆಸರು ಮಾತ್ರ ಇಲ್ಲ. ಅರಿವಳಿಕೆಯವರ ಹಣೆಬರಹ ಕಲ್ಲಿನಲ್ಲೇ ಕೆತ್ತಿಟ್ಟರು ಅನ್ನಿ.

ಈಥರ್ ಹಡಗು ಹತ್ತಿ ಕಲ್ಕತ್ತಾ ಮುಟ್ಟಿದ್ದು ಮರುವರ್ಷವೇ, 1847ರಲ್ಲಿ. ಅದನ್ನು ಕೊಡುವವರ ಅಖಿಲ ಭಾರತ ಸಂಘ ಹುಟ್ಟಿದ್ದು 1947ರಲ್ಲಿ. ನೂರು ವರ್ಷ! ದೇಶ ಎದ್ದು ಕೂತ ವರ್ಷವೇ ಮಲಗಿಸುವವರು ಒಗ್ಗಟ್ಟಾದರು. ಇವತ್ತು ಅದಕ್ಕೆ ರಾಜ್ಯ ಶಾಖೆ, ನಗರ ಶಾಖೆ, ಪತ್ರಿಕೆ, ವಾರ್ಷಿಕ ಸಮ್ಮೇಳನ, ಚುನಾವಣೆ ಎಲ್ಲ ಇದೆ. ಚುನಾವಣೆ ಹತ್ತಿರ ಬಂದರೆ ಸದಸ್ಯರ ಫೋನಿಗೆ ಬರುವ ಮೆಸೇಜು ನೋಡಿ ಪಂಚಾಯತಿ ಅಭ್ಯರ್ಥಿಗಳೂ ಪಾಠ ಕಲಿಯಬಹುದು.

ಸಂಘದ ಕೆಲಸ ಏನು? ಮುಖ್ಯವಾಗಿ ಬರೆಯುವುದು. ಆಪರೇಷನ್ ನಡೆಯುವಾಗ ಯಾವ್ಯಾವ ಮಾನಿಟರ್ ಇರಬೇಕು ಅಂತ ಬರೆದಿದೆ. ಎಷ್ಟು ಹೊತ್ತು ಹೊಟ್ಟೆ ಖಾಲಿ ಇರಬೇಕು ಅಂತ ಬರೆದಿದೆ. ಚೆನ್ನಾಗಿಯೇ ಬರೆದಿದೆ. ಆದರೆ ಡಾಕ್ಟರ ನೋಂದಣಿ ವೈದ್ಯಕೀಯ ಮಂಡಳಿ ಕೈಯಲ್ಲಿ. ನರ್ಸಿಂಗ್ ಹೋಮಿನ ನೋಂದಣಿ ಕೆಪಿಎಂಇ, ಅಂದರೆ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ ಕೈಯಲ್ಲಿ. ಹುದ್ದೆ ತುಂಬುವುದು ಸರ್ಕಾರದ ಕೈಯಲ್ಲಿ. ಸಂಘದ ಕೈಯಲ್ಲಿ ಉಳಿದದ್ದು ಲೆಟರ್‌ಹೆಡ್ಡು.

ಸಂಘ 'ಇರಬೇಕು' ಎಂದು ಬರೆದದ್ದನ್ನು ನರ್ಸಿಂಗ್ ಹೋಮಿನ ಯಜಮಾನರು 'ಇದ್ದರೆ ಒಳ್ಳೆಯದು' ಅಂತ ಓದಿಕೊಳ್ಳುತ್ತಾರೆ. ಸಂಭಾಷಣೆ ಹೀಗಿರುತ್ತದೆ:

"ಸರ್, ಕ್ಯಾಪ್ನೋಗ್ರಾಫ್ ಒಂದು ತರಿಸಿ. ಟ್ಯೂಬು ಶ್ವಾಸನಾಳದಲ್ಲೇ ಇದೆಯಾ ಅಂತ ಅದರಲ್ಲೇ ಸರಿಯಾಗಿ ಗೊತ್ತಾಗೋದು."

"ಇಷ್ಟು ವರ್ಷ ಅದಿಲ್ದೆ ನಡೆದಿಲ್ವಾ ಡಾಕ್ಟ್ರೇ? ನಿಮ್ಮ ಕೈ ಬಂಗಾರ. ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ರಿಸೆಪ್ಷನ್‌ಗೆ ದೊಡ್ಡ ಟಿವಿ ಬರುತ್ತದೆ, ಜೊತೆಗೆ ಮೀನಿನ ತೊಟ್ಟಿ. ಮೀನಿಗೆ ಆಮ್ಲಜನಕ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡಲು ಒಬ್ಬ ಹುಡುಗನೂ ಇರುತ್ತಾನೆ. ಡಾಕ್ಟರು ಮಾತ್ರ ತಮ್ಮ ಮಾನಿಟರನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಊರೂರು ಸುತ್ತುತ್ತಾರೆ. ಖಡಕ್ಕಾಗಿ 'ಅದು ಬರುವವರೆಗೆ ನಾನು ಬರಲ್ಲ' ಅಂದರೋ, ಸಂಜೆಯೊಳಗೆ ಇನ್ನೊಬ್ಬರು ಬಂದು ಸೂಜಿ ಹಿಡಿದು ನಿಂತಿರುತ್ತಾರೆ. ಅವರೂ ಸಂಘದ ಆಜೀವ ಸದಸ್ಯರೇ. ಜಾಥಾದಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ನಡೆದಿರುತ್ತಾರೆ.

ಸರ್ಕಾರದ ಲೆಕ್ಕ ಇನ್ನೂ ಸೊಗಸು. ಹೆರಿಗೆಯ ತುರ್ತಿಗೆ ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು ಮೂವರೂ ಒಂದೇ ಕಡೆ ಇರಬೇಕು. ನಾವು ಸಮಾನತೆಯ ಜನ, ಒಂದೊಂದು ತಾಲ್ಲೂಕಿಗೆ ಒಬ್ಬೊಬ್ಬರನ್ನು ಹಂಚಿಬಿಡುತ್ತೇವೆ. ಇಲ್ಲಿ ಕೊಯ್ಯುವವರಿದ್ದಾರೆ, ಮಲಗಿಸುವವರಿಲ್ಲ. ಅಲ್ಲಿ ಮಲಗಿಸುವವರಿದ್ದಾರೆ, ಕೊಯ್ಯುವವರು ಡೆಪ್ಯುಟೇಷನ್ ಮೇಲೆ ಹೋಗಿದ್ದಾರೆ. ನಡುವೆ ಬಸುರಿಯನ್ನು ಮಲಗಿಸಿಕೊಂಡು ಆಂಬುಲೆನ್ಸು ಓಡುತ್ತಿರುತ್ತದೆ. ಮೂರು ಇಲಾಖಾ ಹುದ್ದೆಗಳನ್ನು ಜೋಡಿಸುವ ಕೆಲಸ ಅದರ ಡ್ರೈವರ್‌ದು.

ಇದಕ್ಕೆ ಪರಿಹಾರವಾಗಿ ಎಂಬಿಬಿಎಸ್ ಡಾಕ್ಟರಿಗೇ ಕೆಲವು ವಾರ ಅರಿವಳಿಕೆ ಕಲಿಸುವ ಯೋಜನೆ ಬಂತು. ಶುರುವಾದಾಗ 18 ವಾರ. ಮೂರು ವರ್ಷ ಓದಿದವರಿಗೆ ಹೊಟ್ಟೆ ಉರಿಯಿತು, 'ಇಷ್ಟೇನಾ ನಮ್ಮ ವಿದ್ಯೆ?' ಅಂದರು. ಮಾತು ನ್ಯಾಯವೇ. ಹಾಗಾದರೆ ತಾಲ್ಲೂಕಿಗೆ ನೀವೇ ಬನ್ನಿ ಅಂದರೆ ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ಕೆಮ್ಮು. ಕ್ವಾರ್ಟರ್ಸ್ ಸೋರುತ್ತದೆ, 24 ಗಂಟೆಯೂ ಒಬ್ಬರೇ ಡ್ಯೂಟಿ, ಏನಾದರೂ ಹೆಚ್ಚುಕಮ್ಮಿ ಆದರೆ ಊರವರ ಹೊಡೆತ. ಅದೂ ನ್ಯಾಯವೇ. ಎಲ್ಲರ ಮಾತೂ ನ್ಯಾಯ ಆಗಿರುವುದರಿಂದ ಕುರ್ಚಿ ಖಾಲಿ ಇದೆ.

ಸಂಘ ಮಾಡಿದ ಒಂದು ಒಳ್ಳೆಯ ಕೆಲಸ ಹೇಳಲೇಬೇಕು. ಹೃದಯ ನಿಂತು ಬಿದ್ದವರ ಎದೆ ಒತ್ತಿ ಬದುಕಿಸುವುದನ್ನು ಸಾಮಾನ್ಯ ಜನರಿಗೂ ಕಲಿಸುತ್ತಿದ್ದಾರೆ. ಬಾಯಿಗೆ ಬಾಯಿ ಇಟ್ಟು ಊದುವ ಮುಜುಗರ ಇಲ್ಲ, ಬರೀ ಒತ್ತುವುದು. ಪೊಲೀಸರು, ಕಾಲೇಜು ಹುಡುಗರು ಕಲಿತದ್ದುಂಟು. ಉದ್ಘಾಟನೆಗೆ ಬಂದ ಗಣ್ಯರು ಮಾತ್ರ ಗೊಂಬೆಯ ಎದೆಯನ್ನು ಎರಡು ಸಲ ಒತ್ತಿ, ಕ್ಯಾಮೆರಾ ಕಡೆ ತಿರುಗಿ, ಶಾಲು ಸರಿಮಾಡಿಕೊಂಡು ಹೊರಡುತ್ತಾರೆ. ಗೊಂಬೆ ಆದ್ದರಿಂದ ಉಳಿಯುತ್ತದೆ.

ಇನ್ನು ಉಪವಾಸದ ನಿಯಮ. ಗಟ್ಟಿ ಆಹಾರ ಆರು ಗಂಟೆ ಮೊದಲೇ ನಿಲ್ಲಬೇಕು, ನೀರು ಎರಡು ಗಂಟೆ ಮೊದಲು. ಯಾವ ರಾಷ್ಟ್ರೀಯ ಸಂಘವೂ ಗೆಲ್ಲಲಾಗದ ಎದುರಾಳಿ ಇಲ್ಲಿದ್ದಾರೆ: ಅಜ್ಜಿ.

"ಏನಾದ್ರೂ ತಿಂದಿದ್ದಾನಾ ಅಜ್ಜಿ?"

"ಏನೂ ಇಲ್ಲಪ್ಪ, ಬರೀ ಹೊಟ್ಟೆ. ಎರಡೇ ಎರಡು ಇಡ್ಲಿ ಅಷ್ಟೇ. ಪಾಪ, ಆಪರೇಷನ್ ಅಲ್ವಾ, ಶಕ್ತಿ ಬೇಡ್ವಾ?"

ಆಪರೇಷನ್ ಮುಂದೂಡಿದರೆ ಬೈಗುಳ ಯಾರಿಗೆ? ಸರ್ಜನ್‌ಗಲ್ಲ. ಅವರು ಆಗಲೇ 'ನಾನು ರೆಡಿ, ಅನಸ್ತೇಶಿಯಾದವರೇ ಒಪ್ತಿಲ್ಲ' ಅಂದು ಕಾಫಿಗೆ ಹೋಗಿರುತ್ತಾರೆ. ಮುಂದೆ ಇಪ್ಪತ್ತು ವರ್ಷ ಬಿಟ್ಟು ಸೊಂಟ ನೋವು ಬಂದರೂ ಅದಕ್ಕೆ ಕಾರಣ ಅವತ್ತು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನೇ. ಜೀವ ಉಳಿದದ್ದು ಸರ್ಜನ್ ಕೈಗುಣ, ದೇವರ ದಯೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆ ಒಂದು ಚೆಕ್‌ಲಿಸ್ಟ್ ಕೊಟ್ಟಿತು. ಕತ್ತರಿ ಹಾಕುವ ಮೊದಲು ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಂಡದ್ದು ಖಾತ್ರಿ ಆಗಬೇಕು ಅಂತ ಅದರಲ್ಲಿದೆ. ನಮ್ಮಲ್ಲಿ ಆ ಕಾಗದಕ್ಕೆ ಆಪರೇಷನ್ ಮುಗಿದ ಮೇಲೆ ಸಿಸ್ಟರ್ ಒಬ್ಬರೇ ಕೂತು ಎಲ್ಲ ಕಡೆ ಟಿಕ್ ಹಾಕುತ್ತಾರೆ. ಹೆಸರು ಹೇಳುವ ಅವಕಾಶ ಅಲ್ಲೂ ಹೋಯಿತು.

ಕೊನೆಗೆ ಬಿಲ್ ಕೌಂಟರ್. ಮನೆಯವರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ. "ಸ್ವಲ್ಪ ಕಮ್ಮಿ ಮಾಡ್ರಿ ಸರ್." ಕ್ಯಾಷಿಯರ್ ಸರ್ಜನ್ ಫೀಸಿನ ಸಾಲನ್ನು ದಾಟುತ್ತಾನೆ, ಅದನ್ನು ಮುಟ್ಟುವ ಹಾಗಿಲ್ಲ. ರೂಮಿನ ಬಾಡಿಗೆ ಯಜಮಾನರದ್ದು. ಔಷಧಿ ಅಂಗಡಿ ಅವರ ಬಾಮೈದನದ್ದು. ಪೆನ್ನು ಬಂದು ಅನಸ್ತೇಶಿಯಾ ಸಾಲಿನ ಮೇಲೆ ನಿಲ್ಲುತ್ತದೆ. "ಇಲ್ಲಿ ಸ್ವಲ್ಪ ಕಟ್ ಮಾಡ್ತೀನಿ, ಅವರು ಏನೂ ಅನ್ನಲ್ಲ." ಅವರು ಅನ್ನುವುದಕ್ಕೆ ಊರಲ್ಲೇ ಇಲ್ಲ. ಆಗಲೇ ಮೂರನೇ ನರ್ಸಿಂಗ್ ಹೋಮಿನಲ್ಲಿ ಇನ್ನೊಂದು ಸಿಸೇರಿಯನ್‌ಗೆ ನಿಂತಿದ್ದಾರೆ. ಅಂದಹಾಗೆ ಸಂಘದ ನಗರ ಶಾಖೆಯ ಖಜಾಂಚಿಯೂ ಅವರೇ.