ಕೀ ಮರದ ಹೊಟ್ಟೆಯಲ್ಲಿ

ಮೊನ್ನೆಯಿಂದ ನಾಪತ್ತೆಯಾಗಿದ್ದ ಸ್ಕೂಟರ್ ಕೀ ನಿನ್ನೆ ಸಂಜೆ ಬಿಡುಗಡೆಯಾಯಿತು. ನಾಪತ್ತೆ ಅನ್ನುವುದೂ ಸುಳ್ಳು. ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಯವರು ಕೈಯಾರೆ ಕಡೆದ ಮರದ ಡಬ್ಬಿಯಲ್ಲಿ. ಅಲ್ಲಾಡಿಸಿದರೆ ಗಲಗಲ ಅಂತ ಉತ್ತರವೂ ಕೊಡುತ್ತಿತ್ತು. ಮಳೆಗೆ ಮುಚ್ಚಳ ಉಬ್ಬಿ ಕೂತುಬಿಟ್ಟಿತ್ತು, ಅಷ್ಟೇ.

ಹಿತ್ತಲ ಹಿಪ್ಪುನೇರಳೆ ಮರ ಗಾಳಿಗೆ ಬಿದ್ದಾಗ ಶುರುವಾದ ಕಥೆ ಇದು. ಒಂದು ಚೂರೂ ವೇಸ್ಟ್ ಆಗಬಾರದು ಅಂದರು. ಕಾಂಡದಿಂದ ಡಬ್ಬಿ, ಕೊಂಬೆಯಿಂದ ಸೌಟು, ತೊಗಟೆಯಿಂದ ಹಗ್ಗ. ಇಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಹೆಚ್ಚುಕಡಿಮೆ ವರ್ಷ ಬೇಕು ಅಂತ ಅವರಿಗೂ ಗೊತ್ತಿತ್ತು. ಆದರೆ ಉಳಿ ಕೈಗೆ ಬಂದ ಮೇಲೆ ವರ್ಷ ಕಾಯುವವರು ಯಾರು?

ಮರದ ಗುಣ ವಿಚಿತ್ರ. ತೇವ ಹೀರಿದರೂ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೇ ಇಲ್ಲ. ಅಡ್ಡಕ್ಕೆ ಹಿಗ್ಗುತ್ತೆ, ಅದರಲ್ಲೂ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಹಿಗ್ಗುತ್ತೋ ಕಾಂಡದೊಳಗಿನ ವರ್ಷದ ಬಳೆಗಳ ಗುಂಟ ಅದರ ಸುಮಾರು ಎರಡರಷ್ಟು. ಒಣಗುವಾಗ ಕುಗ್ಗುವುದೂ ಹಾಗೇ. ಹೀಗಾಗಿ ಹಸಿಯಲ್ಲಿ ದುಂಡಗಿದ್ದ ಡಬ್ಬಿ ಒಣಗಿ ಮೊಟ್ಟೆಯಾಯಿತು. ಮುಚ್ಚಳಕ್ಕೊಂದು, ಡಬ್ಬಿಗೊಂದು ಗೀಟು ಕೊರೆದರು. ಎರಡೂ ಎದುರುಬದುರಾದರೆ ಮಾತ್ರ ಮುಚ್ಚುತ್ತೆ. ಕೇಳಿದರೆ "ಅದು ಡಿಸೈನ್" ಅಂದರು.

ಮೊನ್ನೆ ಆ ಡಿಸೈನ್ ತೆಗೆಯಲು ಮನೆಮಂದಿಯೆಲ್ಲ ಸಾಲು ನಿಂತೆವು. ಮಗ ಮಂಡಿ ಮಧ್ಯೆ ಇಟ್ಟು ತಿರುಗಿಸಿದ. ನಾನು ಸ್ಕ್ರೂಡ್ರೈವರ್ ತಂದೆ. "ಅಂಚು ಹೋಗುತ್ತೆ!" ಸುತ್ತಿಗೆ ತಂದೆ. ಅವರ ಮುಖ ನೋಡಿ ವಾಪಸ್ ಇಟ್ಟೆ. ಹೇರ್ ಡ್ರೈಯರ್ ಅಂದೆ. "ಗಡಿಬಿಡಿಯಲ್ಲಿ ಒಣಗಿಸಿದರೆ ಸೀಳು ಬಿಡುತ್ತೆ, ಬಿಸಿಲು ಬರಲಿ" ಅಂದರು. ಮೋಡ ಕವಿದ ಆಕಾಶ ನೋಡುತ್ತಾ, ಸ್ಕೂಟರ್ ಪಕ್ಕದಲ್ಲೇ ಹಾದು, ಕೊಡೆ ಹಿಡಿದು ಆಫೀಸಿಗೆ ನಡೆದೆ. ನಿನ್ನೆ ಅವರು ಸ್ನಾನಕ್ಕೆ ಹೋದಾಗ ಡ್ರೈಯರ್ ಹಿಡಿದೇಬಿಟ್ಟೆ. ಸ್ವಲ್ಪ ಹೊತ್ತಿಗೆ ಟಪ್ ಅಂತ ಬಂತು. ಸೀಳೂ ಇಲ್ಲ, ಏನೂ ಇಲ್ಲ. ಟವೆಲ್ ಸುತ್ತಿಕೊಂಡು ಬಂದವರು ನೋಡಿ, "ಹೇಳಿರಲಿಲ್ವಾ, ತಾನಾಗೇ ಬಿಡುತ್ತೆ ಅಂತ?" ಅಂದರು!

ಸ್ನಾನ ಅಂದಾಗ ನೆನಪಾಯ್ತು. ತೊಗಟೆಯ ಒಳಪದರ ನೀರಲ್ಲಿ ಕೊಳೆತರೆ ನಾರು ಬಿಡಿಸಿಕೊಳ್ಳುತ್ತೆ, ಸರಿ. ಆದರೆ ಕೊಳೆಸಲು ಸ್ನಾನದ ಬಕೆಟ್ಟೇ ಬೇಕಾ? ವಾಸನೆ ಅಂದರೆ, ಇತಿಹಾಸ ತೆಗೆಯುತ್ತಾರೆ. ಕ್ರಿ.ಶ. 105ರಲ್ಲೇ ಚೀನಾದ ತ್ಸಾಯ್ ಲುನ್ ಮರದ ತೊಗಟೆ, ಚಿಂದಿ ಬಟ್ಟೆ, ಹಳೇ ಮೀನಿನ ಬಲೆಯಿಂದ ಕಾಗದ ಮಾಡಿ ಚಕ್ರವರ್ತಿಗೆ ತೋರಿಸಿದನಂತೆ. ಆತ ಅರಮನೆಯ ಅಧಿಕಾರಿ ಸ್ವಾಮಿ. ಅವನ ಹೆಂಡತಿ ಬಕೆಟ್ ಹುಡುಕುತ್ತಾ ನಿಂತಿರಲಿಲ್ಲ.

ಇನ್ನು ಸೌಟು. ನೆನೆಸಬಾರದು, ಬಿಸಿಲಿಗಿಡಬಾರದು, ಆಗಾಗ ಎಣ್ಣೆ ಹಚ್ಚಬೇಕು. ಅಡುಗೆಗೆ ಈಗಲೂ ಸ್ಟೀಲ್ ಸೌಟೇ. ಉಪಯೋಗಕ್ಕೆ ಅಂತ ಮಾಡಿದ ವಸ್ತುಗಳ ಸೇವೆಗೆ ನಾನು ಉಪಯೋಗವಾಗುತ್ತಿದ್ದೇನೆ.

ಆದರೂ ಒಂದು ಮಾತು. ಕಡೆದ ಹೊಸತರಲ್ಲಿ ಆ ಸೌಟು ಅರಿಶಿನದಷ್ಟು ಹಳದಿ ಇತ್ತು. ಬೆಳಕಿಗೆ ಕಂದು ತಿರುಗುತ್ತಿದೆ, ಹಿಪ್ಪುನೇರಳೆಯ ಚೇಗು, ಅಂದರೆ ಒಳಗಿನ ಗಟ್ಟಿ ಮರ, ಇರುವುದೇ ಹಾಗೆ. ಎಣ್ಣೆ ಹಚ್ಚುವಾಗ, ಮಗ ಚಿಕ್ಕವನಿದ್ದಾಗ ಹಣ್ಣು ತಿಂದು ಯೂನಿಫಾರಂ ಎಲ್ಲ ನೇರಳೆ ಮಾಡಿಕೊಂಡು ಬರುತ್ತಿದ್ದದ್ದು ನೆನಪಾಗುತ್ತೆ. ಆ ಕಲೆ ಉಜ್ಜಿ ಉಜ್ಜಿ ಮರಕ್ಕೆ ಶಾಪ ಹಾಕಿದ್ದೂ ನಾನೇ. ಈಗ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಬಿಸಿಲು ಬೇಕಾದಷ್ಟಿದೆ. ಯಾಕೋ ಜಾಸ್ತಿಯೇ ಅನಿಸುತ್ತೆ.

ಬುಡ, ಬೇರು ಇನ್ನೂ ನೆಲದಲ್ಲೇ ಇವೆ. ಅದರಿಂದ ಏನು ಮಾಡಬಹುದು ಅಂತ ಅವರಿಗಿನ್ನೂ ಹೊಳೆದಿಲ್ಲ. ದಯವಿಟ್ಟು ಯಾರೂ ಐಡಿಯಾ ಕೊಡಬೇಡಿ.