ಅಪ್ಪಿಕೊ ಶುರುವಾಗಿದ್ದು ಬರೀ ಮರ ಕಡಿದಿದ್ದಕ್ಕಲ್ಲ

ಮರ ಅಪ್ಪಿಕೊಂಡು ಕಾಡು ಉಳಿಸಿದ ಅಪ್ಪಿಕೊ ಚಳವಳಿಯ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ 1983ರ ಸೆಪ್ಟೆಂಬರ್‌ನಲ್ಲಿ ಸಲಕಣಿ ಕಡೆಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡಿದ್ದನ್ನು ಸುಮ್ನೆ 'ಮರ ಉಳಿಸುವ ಭಾವನೆ' ಅಂತ ಬರೆದು ಮುಗಿಸಿದ್ದೀರಿ. ನಾನು ಶಿರಸಿ ಕಡೆಯವನು, ಅಷ್ಟಕ್ಕೇ ನಿಲ್ಲಿಸಿದರೆ ಒಪ್ಪಲಾರೆ.

ಸಿಟ್ಟು ಹಳೆಯದು. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. ಹಡಗಿಗೆ, ರೈಲಿಗೆ ಮರ ಬೇಕಿತ್ತು. ದಾಂಡೇಲಿ ಸಾಗವಾನಿ ಅಂದರೆ ಬ್ರಿಟಿಷರಿಗೆ ಅಷ್ಟು ಆಸೆ. ಸ್ವಾತಂತ್ರ್ಯ ಬಂದ ಮೇಲೂ ಲೆಕ್ಕ ಅದೇ ಉಳಿಯಿತು. ಪ್ಲೈವುಡ್‌ಗೆ, ಕಾಗದಕ್ಕೆ ಮರ, ಬಿದಿರು ಹೋಯಿತು. ಮಿಶ್ರ ಕಾಡನ್ನು ಬೋಳಿಸಿ ಸಾಗವಾನಿ, ನೀಲಗಿರಿ ನೆಟ್ಟರು.

ಅಡಿಕೆ ತೋಟದವರಿಗೆ ಹೊಡೆತ ಬಿದ್ದಿದ್ದು ಇಲ್ಲೇ. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಕಾಡಿನಿಂದಲೇ ಬರಬೇಕು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು ತರಲಿಕ್ಕೆಂದೇ ಇರುವ ಕಾಡು) ಬಿಟ್ಟುಕೊಡುವ ಪದ್ಧತಿ ಇತ್ತಲ್ಲ, ಅದಕ್ಕೆ ಕಾರಣವೇ ಅದು. ಮತ್ತಿ, ಹೊನ್ನೆ, ನೇರಳೆ ಇದ್ದ ಜಾಗದಲ್ಲಿ ಬರೀ ಸಾಗವಾನಿ ಎದ್ದು ನಿಂತರೆ ಸೊಪ್ಪಿಗೆ ಎಲ್ಲಿ ಹೋಗೋದು? ನಮ್ಮ ಅಜ್ಜ ಸಾಗವಾನಿ ಎಲೆ ನೋಡಿ "ಇದು ಹಪ್ಪಳ ಒಣಗಿಸಲಿಕ್ಕೆ ಆಗ್ತದೆ, ತೋಟಕ್ಕಲ್ಲ" ಅನ್ನುತ್ತಿದ್ದರು!

ಇನ್ನೊಂದು ಮಾತು. ಬೆಟ್ಟದ ಸೊಪ್ಪನ್ನು ನಾವೂ ಹಿತಮಿತವಾಗಿ ಕಡಿದಿಲ್ಲ. ಎಷ್ಟೋ ಬೆಟ್ಟ ಈಗ ಬೋಳು ಗುಡ್ಡ. ಅದನ್ನೂ ಬರೆಯಬೇಕಿತ್ತು, ಅಲ್ವಾ?